ಇನ್ನೊಬ್ಬ ಕೌನ್ಸೆಲರ್‌ಗೆ ಒಂದು ಫೋನ್

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಶಾಲೆಯಲ್ಲಿ ಗಣಿತಕ್ಕೆ ಮೂರು ಜನ ಟೀಚರ್ ಇರಬಹುದು, ಭಾಷೆಗೆ ನಾಲ್ಕು ಜನ. ಮಕ್ಕಳ ಮನಸ್ಸಿನ ಕಷ್ಟ ಕೇಳಿ ದಾರಿ ತೋರಿಸುವ ಕೌನ್ಸೆಲರ್ ಮಾತ್ರ ಹೆಚ್ಚಿನ ಕಡೆ ಒಬ್ಬರೇ. ಗಣಿತದ ಟೀಚರ್‌ಗೆ ಒಂದು ಲೆಕ್ಕ ಬಿಡಿಸಲು ಬರದಿದ್ದರೆ ಪಕ್ಕದ ಕುರ್ಚಿಯವರನ್ನು ಕೇಳುತ್ತಾರೆ. ಕೌನ್ಸೆಲರ್ ಯಾರನ್ನು ಕೇಳಬೇಕು? ಮಗು ಬಾಗಿಲು ಮುಚ್ಚಿಕೊಂಡು ಹೇಳಿದ ಮಾತನ್ನು ಸ್ಟಾಫ್ ರೂಮಿನಲ್ಲಿ ಹತ್ತು ಜನರ ಮಧ್ಯೆ ಬಿಚ್ಚಿಡುವ ಹಾಗಿಲ್ಲ. ಮನೆಗೆ ಹೋಗಿ ಹೇಳುವ ಹಾಗೂ ಇಲ್ಲ. ಹಾಗಂತ ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡು ತಿರುಗಿದರೆ ತಪ್ಪಾಗುತ್ತದೆ, ಮಗುವಿಗೇ ತೊಂದರೆಯಾಗುತ್ತದೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. "ಯಾರಿಗೂ ಹೇಳಲ್ಲ ಅಲ್ವಾ?" ಎಂದು ಕೇಳಿದಳು. ಹೇಳುವುದಿಲ್ಲ ಎಂದೆ. ಆಮೇಲೆ, ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದೇನೆ ಎಂದಳು. ಸಮಾಧಾನ ಹೇಳಿ ಕ್ಲಾಸಿಗೆ ಕಳಿಸಿದೆ. ಬಾಗಿಲು ಮುಚ್ಚಿದ ಮೇಲೆ ನನ್ನ ಕೈ ನಡುಗಲು ಶುರುವಾಯಿತು. ತರಬೇತಿಯಲ್ಲಿ ಪರಿಚಯವಾಗಿದ್ದ, ಬೇರೆ ಶಾಲೆಯ ಹಿರಿಯ ಕೌನ್ಸೆಲರ್ ಒಬ್ಬರಿಗೆ ಫೋನ್ ಮಾಡಿದೆ.

"ಹೆಸರು ಬೇಡ, ಕ್ಲಾಸೂ ಬೇಡ. ಏನಾಯಿತು ಅಷ್ಟು ಹೇಳಿ" ಎಂದರು. ಹೇಳಿದೆ. ಅವರ ಮೊದಲ ಪ್ರಶ್ನೆ: "ಈಗ ಹುಡುಗಿ ಎಲ್ಲಿದ್ದಾಳೆ? ಜೊತೆಗೆ ಯಾರಿದ್ದಾರೆ?" ನನಗೆ ಗೊತ್ತಿರಲಿಲ್ಲ. "ಮೊದಲು ಹೋಗಿ ಕರೆದುಕೊಂಡು ಬನ್ನಿ. ಮಿಕ್ಕಿದ್ದು ಆಮೇಲೆ ಮಾತಾಡೋಣ" ಎಂದರು.

ಓಡಿದೆ. ಅವಳು ಕ್ಲಾಸಿಗೆ ಹೋಗಿಯೇ ಇರಲಿಲ್ಲ. ಮೆಟ್ಟಿಲ ಕೆಳಗೆ ಕೂತಿದ್ದಳು.

ಅವಳನ್ನು ಕೋಣೆಯಲ್ಲಿ ಕೂರಿಸಿ, ಪಕ್ಕದಲ್ಲಿ ಅವಳಿಗೆ ಇಷ್ಟದ ಟೀಚರ್ ಒಬ್ಬರನ್ನು ಬಿಟ್ಟು, ಮತ್ತೆ ಫೋನ್ ಮಾಡಿದೆ. ಜೀವಕ್ಕೆ ಅಪಾಯ ಇರುವಾಗ ಗುಟ್ಟು ಕಾಪಾಡುವ ಮಾತು ನಿಲ್ಲುವುದಿಲ್ಲ, ಅದನ್ನು ಅವಳಿಗೆ ನೀವೇ ನೇರವಾಗಿ ಹೇಳಿ ಎಂದರು. ಅಪ್ಪ ಅಮ್ಮನಿಗೆ ಹೇಗೆ ತಿಳಿಸುವುದು ಎಂದು ಅವಳ ಜೊತೆಯೇ ಕೂತು ಯೋಚನೆ ಮಾಡಿ ಎಂದರು. ಹಾಗೇ ಮಾಡಿದೆವು. ಅವಳಿಗೆ ನೆರವು ಸಿಕ್ಕಿತು. ಅವತ್ತಿನಿಂದ, ಯಾವ ಮಗು ಬಂದರೂ ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಕಸುಬಿನವರು ಒಬ್ಬರಿಗೊಬ್ಬರು ಆಸರೆಯಾಗುವುದು ಹೊಸದೇನಲ್ಲ. 1908ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ಹುಡುಗರಿಗೆ ತಕ್ಕ ಉದ್ಯೋಗ ಹುಡುಕಿಕೊಳ್ಳಲು ದಾರಿ ತೋರಿಸುವ ಕಚೇರಿ ತೆರೆದರು. ಐದೇ ವರ್ಷಕ್ಕೆ, 1913ರಲ್ಲಿ, ಆ ಕೆಲಸ ಮಾಡುವವರು ಸೇರಿ ಒಂದು ಸಂಘ ಕಟ್ಟಿಕೊಂಡರು. 1951ರಲ್ಲಿ ಹಲವು ದೇಶಗಳವರು ಕೂಡಿದ ಅಂತರರಾಷ್ಟ್ರೀಯ ಸಂಘ ಪ್ಯಾರಿಸ್‌ನಲ್ಲಿ ಹುಟ್ಟಿತು. ಮರು ವರ್ಷ ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ ಬಂತು. 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು ಎಂದು ಆ ಸಂಘ ಹೇಳುತ್ತದೆ. "ನನಗೆ ಮಕ್ಕಳು ಜಾಸ್ತಿ" ಎಂದು ಒಬ್ಬ ಕೌನ್ಸೆಲರ್ ಹೋಗಿ ಹೇಳಿದರೆ ಅದು ಗೊಣಗಾಟದ ಹಾಗೆ ಕೇಳಿಸುತ್ತದೆ. ಸಂಘದ ಕಾಗದ ಮೇಜಿನ ಮೇಲಿಟ್ಟು ಅದೇ ಮಾತು ಹೇಳಿದರೆ ಹೆಡ್‌ಮಾಸ್ಟರ್ ಲೆಕ್ಕ ಹಾಕಲು ಕೂರುತ್ತಾರೆ. ಸಂದಿಗ್ಧ ಬಂದಾಗ ಅನುಭವ ಇರುವ ಇನ್ನೊಬ್ಬರನ್ನು ಕೇಳಿ ಎಂದು ಆ ಸಂಘದ ನೀತಿಸಂಹಿತೆಯೇ ಹೇಳುತ್ತದೆ. ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ.

ದೊಡ್ಡ ಸಂಘ ಬೇಕು, ನಿಜ. ಆದರೆ ನನ್ನನ್ನು ಉಳಿಸಿದ್ದು ಸಣ್ಣ ಗುಂಪು. ನಾವು ಆರು ಜನ, ಆರು ಶಾಲೆಯವರು. ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬರು ಒಂದು ಪ್ರಕರಣ ಹೇಳುತ್ತಾರೆ, ಹೆಸರು, ಗುರುತು ಬಿಟ್ಟು. ಮೊದಲ ಹದಿನೈದು ನಿಮಿಷ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು. ಸಲಹೆ ಕೊಡುವ ಹಾಗಿಲ್ಲ. ಇದು ಕಷ್ಟ, ನಮಗೆಲ್ಲ ಸಲಹೆ ಕೊಡುವ ಅಭ್ಯಾಸ! ಆದರೆ ಒಳ್ಳೆಯ ಪ್ರಶ್ನೆ ಕೇಳಿದಾಗ, ಹೇಳುತ್ತಿದ್ದವರೇ ಎಷ್ಟೋ ಸಲ "ಅರೆ, ಇದನ್ನು ನಾನು ನೋಡಿಯೇ ಇರಲಿಲ್ಲ" ಅನ್ನುತ್ತಾರೆ.

ನಮಗೆ ವಾಟ್ಸಾಪ್ ಗುಂಪೂ ಇದೆ. ತರಬೇತಿಯ ದಿನ, ಹೊಸ ಫಾರಂ, ಇಂಥವಕ್ಕೆ ಮಾತ್ರ. ಮಗುವಿನ ವಿಷಯ ಅಲ್ಲಿ ಒಂದು ಸಾಲೂ ಹಾಕಬಾರದು. ಮಗು ಬರೆದ ಚೀಟಿಯ ಫೋಟೋ ಅಂತೂ ಖಂಡಿತ ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗುವುದಿಲ್ಲ.

ಇನ್ನೊಂದು, ನಂಬರ್ ಬರೆದಿಡುವ ನೋಟ್‌ಬುಕ್. ಮನೋವೈದ್ಯರು, ಮಕ್ಕಳ ರಕ್ಷಣೆಯವರು, ಸಹಾಯವಾಣಿ, ಕಾನೂನು ನೆರವು. ಬರೆದಿಟ್ಟರೆ ಸಾಲದು. ಪ್ರತಿ ಟರ್ಮ್ ಶುರುವಾಗುವಾಗ ಒಂದೊಂದೇ ನಂಬರಿಗೆ ಫೋನ್ ಮಾಡಿ ನೋಡಬೇಕು. ಎಷ್ಟು ವಾರ ಕಾಯಬೇಕು, ಫೀಸ್ ಎಷ್ಟು, ಮನೆಯವರ ಭಾಷೆ ಅವರಿಗೆ ಬರುತ್ತದೆಯೇ, ಇದನ್ನೂ ಪಕ್ಕದಲ್ಲಿ ಬರೆಯಬೇಕು. ಒಮ್ಮೆ ನಾನು ಕೊಟ್ಟ ವಿಳಾಸ ಹುಡುಕಿಕೊಂಡು ಹೋದ ತಾಯಿಗೆ ಮುಚ್ಚಿದ ಬಾಗಿಲು ಸಿಕ್ಕಿತು. ಕ್ಲಿನಿಕ್ ಮುಚ್ಚಿಹೋಗಿ ವರ್ಷವಾಗಿತ್ತು. ಆ ತಾಯಿ ಮತ್ತೆ ನನ್ನ ಹತ್ತಿರ ಬರುವ ಧೈರ್ಯ ಮಾಡಿದರು. ಎಲ್ಲರೂ ಹಾಗೆ ಬರುವುದಿಲ್ಲ. ಈಗ ನಮ್ಮ ಆರು ಜನರ ನೋಟ್‌ಬುಕ್ ಒಂದೇ. ನಂಬರ್‌ಗಳನ್ನು ಹಂಚಿಕೊಂಡು ಫೋನ್ ಮಾಡುತ್ತೇವೆ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ.

ಹೆಡ್‌ಮಾಸ್ಟರುಗಳು, ಪ್ರಿನ್ಸಿಪಾಲರು ಯಾರಾದರೂ ಕೇಳುತ್ತಿದ್ದರೆ ಒಂದು ಬೇಡಿಕೆ. ನಿಮ್ಮ ಕೌನ್ಸೆಲರ್‌ಗೆ ಇಂಥ ಗುಂಪಿಗೆ ಹೋಗಿಬರಲು ತಿಂಗಳಿಗೆ ಅರ್ಧ ದಿನ ಕೊಡಿ. ಟೈಮ್‌ಟೇಬಲ್‌ನಲ್ಲೇ ಬರೆದು ಕೊಡಿ. ಅವತ್ತು ರಜೆ ಹಾಕಿದ ಟೀಚರ್ ಬದಲಿಗೆ ಅವರನ್ನು ಕ್ಲಾಸಿಗೆ ಕಳಿಸಬೇಡಿ.

ನಮಸ್ಕಾರ.