ಬಿಸಿ ಕಾಫಿಯ ಕೇಸಿಗೆ ನಾವು ಕೊಟ್ಟ ತೀರ್ಪು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಬಿಸಿ ಕಾಫಿ ಕೇಸಿನ ಕತೆ ನಿಮ್ಮಲ್ಲಿ ಬಹಳ ಜನರ ಕಿವಿಗೆ ಬಿದ್ದಿರುತ್ತದೆ. ಒಬ್ಬಳು ಕಾರು ಓಡಿಸುತ್ತಾ ಕಾಫಿ ಕುಡಿಯುತ್ತಿದ್ದಳಂತೆ. ಮೈಮೇಲೆ ಚೆಲ್ಲಿಕೊಂಡಳಂತೆ. ಕಾಫಿ ಬಿಸಿ ಇತ್ತು ಅಂತ ಮೆಕ್‌ಡೊನಾಲ್ಡ್ಸ್ ಮೇಲೆ ಕೇಸು ಹಾಕಿ ಕೋಟಿಗಟ್ಟಲೆ ದುಡ್ಡು ಹೊಡೆದಳಂತೆ. ಮೂವತ್ತು ವರ್ಷದಿಂದ ಈ ಕತೆ ಹೀಗೇ ಓಡಾಡುತ್ತಿದೆ. ಕೇಳಿದವರು ನಗುತ್ತಾರೆ, ಇನ್ನೊಬ್ಬರಿಗೆ ಹೇಳುತ್ತಾರೆ.

ಈಗ ಕೋರ್ಟಿನ ಕಡತದಲ್ಲಿ ಏನಿದೆ ಎಂದು ನೋಡೋಣ.

ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರ. 1992ರ ಫೆಬ್ರವರಿ 27. ಆಕೆಯ ಹೆಸರು ಸ್ಟೆಲ್ಲಾ ಲೀಬೆಕ್, ವಯಸ್ಸು 79. ಕಾರು ಓಡಿಸುತ್ತಿದ್ದದ್ದು ಮೊಮ್ಮಗ. ಅವರು ಪಕ್ಕದ ಸೀಟಿನಲ್ಲಿ ಕೂತಿದ್ದರು. ಅಜ್ಜಿ ಕಾಫಿಗೆ ಕೆನೆ, ಸಕ್ಕರೆ ಹಾಕಿಕೊಳ್ಳಲಿ ಅಂತಲೇ ಮೊಮ್ಮಗ ಕಾರು ನಿಲ್ಲಿಸಿದ್ದ. ಕಪ್ಪನ್ನು ಮಂಡಿಗಳ ನಡುವೆ ಇಟ್ಟುಕೊಂಡು ಮುಚ್ಚಳ ಎಳೆದರು. ಪೂರ್ತಿ ಕಾಫಿ ತೊಡೆಯ ಮೇಲೆ ಸುರಿಯಿತು. ಹಾಕಿದ್ದ ಹತ್ತಿ ಪ್ಯಾಂಟು ಅದನ್ನು ಹೀರಿಕೊಂಡು ಚರ್ಮಕ್ಕೆ ಅಂಟಿಕೊಂಡಿತು.

ಮೈಯ ಚರ್ಮದಲ್ಲಿ ನೂರಕ್ಕೆ 6 ಭಾಗ ಮೂರನೇ ಹಂತದ ಸುಟ್ಟಗಾಯ. ಅಂದರೆ ಚರ್ಮದ ಎಲ್ಲ ಪದರಗಳೂ ಸುಟ್ಟಿದ್ದವು. ಆಸ್ಪತ್ರೆಯಲ್ಲಿ 8 ದಿನ ಇದ್ದರು. ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು. ಮೊದಲೇ ಸಣ್ಣಗಿದ್ದ ಜೀವ, ಆ ದಿನಗಳಲ್ಲಿ ತೂಕ ಸುಮಾರು 9 ಕಿಲೋ ಇಳಿಯಿತು. ಚಿಕಿತ್ಸೆ ಸುಮಾರು ಎರಡು ವರ್ಷ ನಡೆಯಿತು.

ಅವರು ಕಂಪನಿಗೆ ಮೊದಲು ಕೇಳಿದ್ದು 20,000 ಡಾಲರ್. ಆಸ್ಪತ್ರೆಯ ಖರ್ಚೇ 10,000 ದಾಟಿತ್ತು. ಮುಂದಿನ ಚಿಕಿತ್ಸೆ, ನೋಡಿಕೊಳ್ಳಲು ಕೆಲಸ ಬಿಟ್ಟು ಕೂತ ಮಗಳ ಸಂಬಳ, ಎಲ್ಲ ಸೇರಿ ಆ ಲೆಕ್ಕ. ಕಂಪನಿ ಕೊಡಲು ಒಪ್ಪಿದ್ದು 800 ಡಾಲರ್. ಆಮೇಲೆ ವಕೀಲರು, ಆಮೇಲೆ ಕೋರ್ಟು.

ಕಾಫಿ ಅಂದರೆ ಬಿಸಿ ಇರಲೇಬೇಕಲ್ವಾ ಅಂತ ನೀವು ಕೇಳಬಹುದು. ನಾವು ಎರಡು ಲೋಟದಲ್ಲಿ ಎತ್ತಿ ಹೊಯ್ದು ಆರಿಸಿಕೊಂಡು ಕುಡಿಯುವ ಜನ, ಬಿಸಿ ನಮಗೆ ಹೊಸದಲ್ಲ. ಆದರೆ ಕೋರ್ಟಿನ ಮುಂದಿದ್ದ ಪ್ರಶ್ನೆ ಎಷ್ಟು ಬಿಸಿ ಎಂಬುದು. ಕಂಪನಿಯ ಕೈಪಿಡಿಯ ಪ್ರಕಾರ ಕಾಫಿಯನ್ನು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರಬೇಕಿತ್ತು. ಅಷ್ಟು ಬಿಸಿ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಪೂರ್ತಿ ಸುಡುತ್ತದೆ, ಬಟ್ಟೆ ಬಿಚ್ಚಲೂ ಸಮಯ ಸಿಗುವುದಿಲ್ಲ. ಕಂಪನಿಯ ಗುಣಮಟ್ಟದ ಅಧಿಕಾರಿಯೇ ಸಾಕ್ಷಿ ಕಟ್ಟೆಯಲ್ಲಿ ಒಪ್ಪಿಕೊಂಡರು: ಕೊಟ್ಟ ತಕ್ಷಣ ಕುಡಿದರೆ ಬಾಯಿ, ಗಂಟಲು ಸುಡುತ್ತದೆ ಎಂದು. ಹಿಂದಿನ ಹತ್ತು ವರ್ಷಗಳಲ್ಲಿ ಸುಟ್ಟುಕೊಂಡವರ 700ಕ್ಕೂ ಹೆಚ್ಚು ದೂರುಗಳು ಕಂಪನಿಯ ಕೈಸೇರಿದ್ದವು. ಮಾರುವ ಕಪ್ಪುಗಳ ಲೆಕ್ಕದಲ್ಲಿ ಅದು ತೀರಾ ಕಡಿಮೆ ಎಂಬುದು ಅವರ ವಾದ.

1994ರ ಆಗಸ್ಟಿನಲ್ಲಿ ತೀರ್ಪು ಬಂತು. ತೀರ್ಪು ಕೊಟ್ಟದ್ದು ಜ್ಯೂರಿ, ಅಂದರೆ ಊರಿನ ಸಾಮಾನ್ಯ ಜನ. ಕಾಫಿ ಚೆಲ್ಲಿದ ಕೇಸಿಗೆ ನಮ್ಮನ್ನೆಲ್ಲ ಯಾಕೆ ಕರೆದರೋ ಎಂದುಕೊಂಡೇ ಒಳಗೆ ಹೋಗಿದ್ದಾಗಿ ಅವರಲ್ಲೊಬ್ಬರು ಆಮೇಲೆ ಹೇಳಿದ್ದಾರೆ. ಅವರು ಒಳಗೆ ಹೋಗುವಾಗ ನಮ್ಮ ಹಾಗೇ ಇದ್ದರು. ಫೋಟೋ ನೋಡಿದರು, ಸಾಕ್ಷಿ ಕೇಳಿದರು, ಮನಸ್ಸು ಬದಲಾಯಿತು. ಆದರೂ ಆಕೆಯದು ತಪ್ಪೇ ಇಲ್ಲ ಅಂತ ಅವರು ಹೇಳಲಿಲ್ಲ. ನೂರಕ್ಕೆ 20 ಪಾಲು ತಪ್ಪು ಆಕೆಯದು ಎಂದು 2 ಲಕ್ಷ ಡಾಲರ್ ಪರಿಹಾರವನ್ನು 1 ಲಕ್ಷ 60 ಸಾವಿರಕ್ಕೆ ಇಳಿಸಿದರು. ಅದರ ಮೇಲೆ ಕಂಪನಿಗೆ ಬುದ್ಧಿ ಬರಲೆಂದು 27 ಲಕ್ಷ ಡಾಲರ್ ದಂಡ. ಅದು ಆ ಕಂಪನಿಗೆ ಸುಮಾರು ಎರಡು ದಿನದ ಕಾಫಿ ಮಾರಾಟದ ದುಡ್ಡು.

ನ್ಯಾಯಾಧೀಶರು ಆ ದಂಡವನ್ನು 4 ಲಕ್ಷ 80 ಸಾವಿರಕ್ಕೆ ಇಳಿಸಿದರು. ಕೊನೆಗೆ ಎರಡೂ ಕಡೆಯವರು ರಾಜಿಯಾದರು. ಎಷ್ಟಕ್ಕೆ ಎಂಬುದನ್ನು ಹೊರಗೆ ಬಿಡಲಿಲ್ಲ. ಜನರ ತಲೆಯಲ್ಲಿ ಉಳಿದದ್ದು ಮಾತ್ರ ಆ ಮೊದಲ ದೊಡ್ಡ ಮೊತ್ತ. ದಂಡ ಇಳಿಸಿದ ಸುದ್ದಿಗೆ ಅಷ್ಟು ಜಾಗ ಸಿಗಲಿಲ್ಲ.

ಇದು ಬರೀ ಮರೆವಿನಿಂದ ಆದದ್ದಲ್ಲ. ಪರಿಹಾರದ ಕೇಸುಗಳಿಗೆ ಕಡಿವಾಣ ಹಾಕುವ ಕಾನೂನು ಬೇಕೆಂದು ಆಗ ಅಮೆರಿಕದ ವ್ಯಾಪಾರಿ ಸಂಘಟನೆಗಳು ಹೋರಾಡುತ್ತಿದ್ದವು. ಅವರಿಗೆ ಈ ಕತೆ ಹೇಳಿ ಮಾಡಿಸಿದ ಹಾಗಿತ್ತು. ಅಂಥ ಒಂದು ಮಸೂದೆ ಸಂಸತ್ತಿನಲ್ಲಿ ಪಾಸೂ ಆಯಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ತಡೆದರು. ಸ್ಟೆಲ್ಲಾ ಹೆಸರಿನಲ್ಲಿ ‘ಹುಚ್ಚು ಕೇಸು’ಗಳ ಪಟ್ಟಿಗಳು ಇಮೇಲಿನಲ್ಲಿ ಸುತ್ತಾಡಿದವು. ಅವುಗಳಲ್ಲಿ ಎಷ್ಟೋ ಕೇಸುಗಳು ನಡೆದೇ ಇರಲಿಲ್ಲ, ಯಾರೋ ಕಟ್ಟಿದ ಕತೆಗಳು. ಸುಟ್ಟುಕೊಂಡು ಮಲಗಿದ್ದ ಒಬ್ಬ ಮುದುಕಿಯ ಹೆಸರನ್ನು ಹಾಗೆ ಬಳಸಿದ್ದು ನನಗೆ ಇವತ್ತಿಗೂ ಸಂಕಟ ತರುತ್ತದೆ.

ಹಾಗಾದರೆ ಜ್ಯೂರಿ ಹೇಳಿದ್ದೇ ಸರಿಯಾ? ಭಿನ್ನಾಭಿಪ್ರಾಯಕ್ಕೆ ಜಾಗ ಇದೆ. 2002ರಲ್ಲಿ ಲಂಡನ್ನಿನ ಹೈಕೋರ್ಟು ಇಂಥದ್ದೇ ಕೇಸಿನಲ್ಲಿ ಮೆಕ್‌ಡೊನಾಲ್ಡ್ಸ್ ಪರವಾಗಿ ತೀರ್ಪು ಕೊಟ್ಟಿತು. ಬಿಸಿ ಕಾಫಿ ಬೇಕು ಅಂತ ಜನರೇ ಕೇಳುತ್ತಾರೆ, ಅದರ ಅಪಾಯವೂ ಅವರಿಗೆ ಗೊತ್ತು ಎಂಬ ವಾದವನ್ನು ಅಲ್ಲಿ ಒಪ್ಪಿದರು. ಅದೂ ಸಾಕ್ಷಿ ನೋಡಿ ಕೊಟ್ಟ ತೀರ್ಪೇ. ಎರಡು ದೇಶದ ಕೋರ್ಟುಗಳು ಕೂತು ಯೋಚಿಸಿ ಬೇರೆ ಬೇರೆ ಉತ್ತರ ಕೊಟ್ಟ ಪ್ರಶ್ನೆ ಇದು. ಅಂಥದ್ದನ್ನು ತಮಾಷೆ ಕೇಸು ಅನ್ನುವುದು ಸರಿಯಲ್ಲ. ಸೋಲಬಹುದಾದ ಕೇಸು ಬೇರೆ, ಹುರುಳಿಲ್ಲದ ಕೇಸು ಬೇರೆ.

ಇನ್ನೊಂದು ಕೇಸು ಹೇಳುತ್ತೇನೆ, ಅದರಲ್ಲಿ ಜನ ಇನ್ನೂ ಕಠಿಣವಾಗಿ ನಡೆದುಕೊಂಡರು. ಅಮೆರಿಕದ ಕನೆಕ್ಟಿಕಟ್ ರಾಜ್ಯ. ಒಬ್ಬ ಚಿಕ್ಕಮ್ಮ ಹುಡುಗನ ಹುಟ್ಟುಹಬ್ಬಕ್ಕೆ ಹೋಗಿದ್ದರು. ಅವನು ಖುಷಿಯಿಂದ ಓಡಿ ಬಂದು ಅಪ್ಪಿಕೊಂಡ. ಆಕೆ ಬಿದ್ದರು, ಮಣಿಕಟ್ಟು ಮುರಿಯಿತು. 2015ರಲ್ಲಿ ಅವನ ಮೇಲೆ ಹೂಡಿದ ದಾವೆ ವಿಚಾರಣೆಗೆ ಬಂತು. ಕೇಳಿದ್ದು 1 ಲಕ್ಷ 27 ಸಾವಿರ ಡಾಲರ್. ಜಗತ್ತಿನ ಅತಿ ಕೆಟ್ಟ ಚಿಕ್ಕಮ್ಮ ಅಂತ ಊರೂರಲ್ಲಿ ಬೈದರು. ಆದರೆ ಹುಡುಗನ ಜೇಬಿನಿಂದ ಅಥವಾ ಅವನ ಅಪ್ಪನಿಂದ ದುಡ್ಡು ಕೀಳುವ ಉದ್ದೇಶ ಆಕೆಗೆ ಇರಲೇ ಇಲ್ಲ. ದುಡ್ಡು ಬರಬೇಕಿದ್ದದ್ದು ಆ ಮನೆಯ ವಿಮೆಯಿಂದ. ಅಲ್ಲಿನ ಕಾನೂನಿನಂತೆ ವಿಮಾ ಕಂಪನಿಯ ಮೇಲೆ ನೇರವಾಗಿ ದಾವೆ ಹೂಡುವ ಹಾಗಿಲ್ಲ, ಅಪಘಾತಕ್ಕೆ ಕಾರಣನಾದ ವ್ಯಕ್ತಿಯನ್ನೇ ಪ್ರತಿವಾದಿ ಮಾಡಬೇಕು. ಜ್ಯೂರಿ ಅರ್ಧ ಗಂಟೆಯೊಳಗೆ ದಾವೆ ತಳ್ಳಿಹಾಕಿತು. ಚಿಕ್ಕಮ್ಮ ಮತ್ತು ಹುಡುಗ ಆಮೇಲೆ ಟಿವಿಯಲ್ಲಿ ಒಟ್ಟಿಗೆ ಕೂತು ಮಾತಾಡಿದರು. ಅವರಿಬ್ಬರ ನಡುವೆ ಇಲ್ಲದ ಜಗಳವನ್ನು ಹೊರಗಿನ ಜನ ಕಟ್ಟಿದ್ದರು.

ಜನ ಯಾವಾಗಲೂ ತಪ್ಪು ಅಂತ ನಾನು ಹೇಳುತ್ತಿಲ್ಲ. ವಾಷಿಂಗ್ಟನ್ನಿನಲ್ಲಿ ಒಬ್ಬ ನ್ಯಾಯಾಧಿಕಾರಿ ಡ್ರೈಕ್ಲೀನಿಂಗ್‌ಗೆ ಕೊಟ್ಟ ಪ್ಯಾಂಟು ಕಳೆದುಹೋಯಿತು ಎಂದು 5 ಕೋಟಿ 40 ಲಕ್ಷ ಡಾಲರ್ ಕೇಳಿದ. 2007ರಲ್ಲಿ ಕೋರ್ಟು ಅವನಿಗೆ ಒಂದು ಪೈಸೆಯನ್ನೂ ಕೊಡಲಿಲ್ಲ. ಆದರೆ ಡ್ರೈಕ್ಲೀನಿಂಗ್ ಅಂಗಡಿ ನಡೆಸುತ್ತಿದ್ದ ವಲಸಿಗ ಕುಟುಂಬ ಅಷ್ಟರಲ್ಲಿ ಹೈರಾಣಾಗಿತ್ತು, ಅಂಗಡಿ ಮುಚ್ಚಬೇಕಾಯಿತು. ಜನ ಕೋಪಗೊಂಡದ್ದು ಸರಿಯಾಗಿಯೇ ಇತ್ತು. ಕಾನೂನು ತಿಳಿದವನು ಕಾನೂನನ್ನೇ ದೊಣ್ಣೆ ಮಾಡಿಕೊಂಡರೆ ಬಡವರ ಗತಿ ಏನು?

ನಮ್ಮ ಕಡೆಗೆ ಬರೋಣ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ ನಾಡು ನಮ್ಮದು. ಇಲ್ಲಿ ದೊಡ್ಡ ಮೊತ್ತದ ಪರಿಹಾರ ಅಪರೂಪ, ಹಾಗಾಗಿ ನಾವು ನಗುವುದು ಸಣ್ಣ ಮೊತ್ತಕ್ಕೆ. 1999ರಲ್ಲಿ ಮಥುರಾದ ವಕೀಲರೊಬ್ಬರು ರೈಲಿನ ಎರಡು ಟಿಕೆಟ್ ತೆಗೆದುಕೊಂಡರು. 70 ರೂಪಾಯಿ ಆಗಬೇಕಿತ್ತು, ರೈಲ್ವೆಯವರು 90 ತೆಗೆದುಕೊಂಡರು. ಆ 20 ರೂಪಾಯಿಗೆ ವಕೀಲರು ಕೇಸು ಹಾಕಿದರು. ನೂರಕ್ಕೂ ಹೆಚ್ಚು ವಾಯಿದೆ ನಡೆದು, 2022ರಲ್ಲಿ ಗೆದ್ದರು. 20 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ, ಜೊತೆಗೆ 15,000 ರೂಪಾಯಿ. ಸುಮ್ನೆ ಇರಲಾಗದವರು ಅಂತ ಅವರ ಬಗ್ಗೆ ಅಂದುಕೊಳ್ಳುವುದು ಸುಲಭ. ಆದರೆ 22 ವರ್ಷ ಎಳೆದದ್ದರಲ್ಲಿ ಅವರ ಪಾಲೆಷ್ಟು, ಎದುರಿನವರ ಪಾಲೆಷ್ಟು? 20 ರೂಪಾಯಿ ಮೊದಲ ದಿನವೇ ವಾಪಸ್ ಕೊಟ್ಟಿದ್ದರೆ ಮುಗಿಯುತ್ತಿತ್ತಲ್ಲ?

2023ರಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗದ ಮುಂದೆ ಐಕಿಯಾ ಅಂಗಡಿಯ ಕೈಚೀಲದ ಕೇಸು ಬಂದದ್ದು ನಿಮಗೆ ನೆನಪಿರಬಹುದು. ಅಂಗಡಿಯ ಹೆಸರು ಅಚ್ಚು ಹಾಕಿದ ಚೀಲಕ್ಕೆ 20 ರೂಪಾಯಿ ತೆಗೆದುಕೊಂಡಿದ್ದರು. ಗ್ರಾಹಕಿ ಗೆದ್ದರು. ಒಬ್ಬರಿಗೆ 20 ರೂಪಾಯಿ, ದಿನಕ್ಕೆ ಸಾವಿರಾರು ಜನ ಬರುವ ಅಂಗಡಿಗೆ ಅದು ಎಷ್ಟಾಗುತ್ತದೆ, ನೀವೇ ಗುಣಿಸಿ ನೋಡಿ. ಸಿನಿಮಾಕ್ಕೆ ಮೊದಲು 25 ನಿಮಿಷ ಜಾಹೀರಾತು ತೋರಿಸಿದರೆಂದು ಪಿವಿಆರ್ ಐನಾಕ್ಸ್ ಮೇಲೆ ಹಾಕಿದ ಕೇಸಿನಲ್ಲೂ 2025ರಲ್ಲಿ ಆಯೋಗ ದೂರುದಾರರ ಪರ ಆದೇಶ ಕೊಟ್ಟಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆಯೋಗ ತನ್ನ ಮಿತಿ ದಾಟಿದೆಯೇ ಎಂಬುದು ಅಲ್ಲಿ ಎದ್ದ ಪ್ರಶ್ನೆ. ತಪ್ಪಿದ್ದರೆ ತಿದ್ದಲು ಮೇಲಿನ ಕೋರ್ಟಿದೆ, ಅದು ತನ್ನ ಕೆಲಸ ಮಾಡುತ್ತದೆ.

ನನ್ನನ್ನು ಕಾಡುವುದು ಇದು. ಜಾಸ್ತಿ ಕೇಳಿದವರನ್ನು ದುರಾಸೆಯವರು ಅನ್ನುತ್ತೇವೆ. ಕಡಿಮೆ ಕೇಳಿದವರಿಗೆ ಬೇರೆ ಕೆಲಸ ಇಲ್ಲ ಅನ್ನುತ್ತೇವೆ. ಹಾಗಾದರೆ ಎಷ್ಟು ಕೇಳಿದರೆ ನಮಗೆ ಸಮಾಧಾನ? ಮೊತ್ತ ಬಿಟ್ಟು ಬೇರೇನನ್ನೂ ನಾವು ನೋಡುವುದೇ ಇಲ್ಲ. ಈ ನಗು ದೊಡ್ಡ ಕಂಪನಿಗೆ ನೋವು ಮಾಡುವುದಿಲ್ಲ. ಅದು ತಟ್ಟುವುದು ಕೆಟ್ಟ ಗ್ಯಾಸ್ ಸ್ಟವ್‌ನಿಂದ ಕೈ ಸುಟ್ಟುಕೊಂಡು, ನಾಲ್ಕು ಜನ ಏನಂದುಕೊಳ್ಳುತ್ತಾರೋ ಅಂತ ಬಿಲ್ಲನ್ನು ಡ್ರಾಯರಿನಲ್ಲೇ ಇಟ್ಟುಕೊಂಡು ಕೂತವರಿಗೆ. ಐದು ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ಆದರೂ ಅವರು ಹೋಗುವುದಿಲ್ಲ.

ಆಯೋಗದ ಆದೇಶಗಳು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ಮೊದಲು ದೂರು, ಆಮೇಲೆ ಎದುರಿನವರ ಉತ್ತರ, ಕೊನೆಗೆ ಕಾರಣಗಳು. ಹಲವು ಆದೇಶಗಳು ಹತ್ತು ಪುಟವೂ ಇರುವುದಿಲ್ಲ. ಮುಂದಿನ ಸಲ ನಗು ಬರಿಸುವ ಸುದ್ದಿ ಕಂಡಾಗ, ಹಂಚುವ ಮೊದಲು ಆ ಪುಟಗಳನ್ನು ಹುಡುಕಿ ಓದಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಓದಿದ ಮೇಲೂ ಅದು ಹುರುಳಿಲ್ಲದ ಕೇಸು ಅನ್ನಿಸಿದರೆ ಧಾರಾಳವಾಗಿ ಹೇಳಿ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ.