ಬೆರಳು ಬಿಳಿಚಿಕೊಂಡರೆ

ಕೇಳುಗರಿಗೆ ನಮಸ್ಕಾರ. ನೀವೂ ಒಮ್ಮೆ ಕೈ ಮುಗಿದು ನೋಡಿ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ಪೂರ್ತಿ ಕೂಡಿದವೇ, ಸಂದು ಉಳಿಯಿತೇ? ಸ್ಕ್ಲೀರೋಡರ್ಮ, ಅಂದರೆ ಚರ್ಮ ಬಿರುಸಾಗುವ ಕಾಯಿಲೆ ಬಲಿತಾಗ ಬೆರಳು ಮಡಚಿಕೊಂಡೇ ಉಳಿಯುತ್ತದೆ. ಅಲ್ಲಿಯವರೆಗೆ ಕಾಯುವುದೇಕೆ? ಎಷ್ಟೋ ಮಂದಿಗೆ ವರ್ಷಗಳ ಮೊದಲೇ ಬೆರಳು ಬಿಳಿಚಿಕೊಳ್ಳುತ್ತದೆ.

ಬೆಳಗಿನ ತಣ್ಣೀರಲ್ಲಿ ಪಾತ್ರೆ ತೊಳೆಯುವಾಗ, ಫ್ರಿಜ್ಜಿನಿಂದ ಹಾಲು ತೆಗೆಯುವಾಗ ತುದಿಬೆರಳು ಸುಣ್ಣ ಬಳಿದಂತಾಗುತ್ತದೆ. ಆಮೇಲೆ ನೀಲಿ, ಬೆಚ್ಚಗಾದಾಗ ಕೆಂಪು, ಉರಿ. 1862ರಲ್ಲಿ ಪ್ಯಾರಿಸ್ಸಿನ ಮೊರಿಸ್ ರೇನೋ ತಮ್ಮ ವೈದ್ಯಕೀಯ ಪದವಿಯ ಪ್ರಬಂಧದಲ್ಲಿ ಇದನ್ನೇ ಬರೆದರು. ಅವರು ಕಂಡ ಒಬ್ಬ ಹೆಂಗಸಿಗೆ ಸ್ವಲ್ಪ ತಂಪು ತಗುಲಿದರೆ ಸಾಕು, ಬೆರಳಲ್ಲಿ ರಕ್ತವೇ ಇಲ್ಲದಂತಾಗಿ, ಮರಗಟ್ಟಿ, ಹಳದಿ ಬಿಳುಪಿಗೆ ತಿರುಗುತ್ತಿತ್ತು. ಅದೂ ನಡುಬೇಸಿಗೆಯಲ್ಲಿ! ರಕ್ತ ಮರಳುವಾಗ ವಿಪರೀತ ನೋವು. ಕಿರುರಕ್ತನಾಳಗಳು ಹಿಂಡಿಕೊಳ್ಳುತ್ತವೆ ಎಂದರು ರೇನೋ, ಸರಿಯಾಗಿಯೇ ಹೇಳಿದರು. ಈಗ ಉಗುರಿನ ಬುಡಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ ಭೂತಗನ್ನಡಿಯಂಥ ಉಪಕರಣದಲ್ಲಿ ನೋಡಿದರೆ ಊದಿದ ನಾಳಗಳು, ರಕ್ತದ ಚುಕ್ಕೆಗಳು ವೈದ್ಯರಿಗೆ ಕಾಣುತ್ತವೆ. ಸೂಜಿ ಚುಚ್ಚುವುದೂ ಬೇಡ. ಆದರೂ ನಾವು ‘ಚಳಿಗೆ ಹಾಗಾಯ್ತು’ ಎಂದು ಸುಮ್ಮನಿರುತ್ತೇವೆ! ಬಿಳಿಚುವ ಎಲ್ಲ ಬೆರಳೂ ಈ ರೋಗವಲ್ಲ, ಸರಿ. ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಯಿತೇ, ಉಂಗುರ ಬಿಗಿಯಾಗುವಂತೆ ಬೆರಳು ಊದಿತೇ, ತೋರಿಸಿ. ಎಎನ್ಎ ಎಂಬ ರಕ್ತಪರೀಕ್ಷೆ ಮಾಡಿಸಿ.

ಮುಂದೆ ಚರ್ಮ ಚಿವುಟಲು ಬಾರದಷ್ಟು ಬಿಗಿಯುತ್ತದೆ. ತುದಿಬೆರಳಲ್ಲಿ ಒಣಗದ ಹುಣ್ಣು. ಬಾಯಿಯೊಳಗೆ ಮೂರು ಬೆರಳು ಒಂದರ ಮೇಲೊಂದು ನಿಲ್ಲುವುದಿಲ್ಲ. ಕತ್ತು, ಎದೆಯ ಮೇಲೆ ಉಪ್ಪು-ಮೆಣಸು ಚೆಲ್ಲಿದಂತೆ ಬಿಳಿ-ಕಪ್ಪು ಚುಕ್ಕೆ. ತೊನ್ನೆಂದು ಮುಲಾಮು ಹಚ್ಚುತ್ತಾ ಕೂರಬೇಡಿ.

ಒಳಗಿನದನ್ನು ಬೇಗ ಹೇಳಿಬಿಡುತ್ತೇನೆ, ಸಮಯವಾಯಿತು. ಅನ್ನನಾಳ ಸೊರಗಿದರೆ ನುಂಗಿದ ಮುದ್ದೆ ಎದೆಯಲ್ಲೇ ನಿಲ್ಲುತ್ತದೆ, ಮಲಗಿದರೆ ಹುಳಿ ಮೇಲೆ ಬರುತ್ತದೆ. ತಲೆಯ ಕಡೆ ಮಂಚದ ಕಾಲಿಗೆ ಎರಡು ಇಟ್ಟಿಗೆ ಕೊಡಿ. ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಶ್ವಾಸಕೋಶ, ಹೃದಯ ಎರಡನ್ನೂ ನೋಡಿಸಿ.

ಮೂತ್ರಪಿಂಡ ಕೆಡುವುದು ಮಾತ್ರ ದಿನಗಳಲ್ಲಿ. ಚರ್ಮ ವೇಗವಾಗಿ ಬಿಗಿಯುತ್ತಿರುವವರು ಮನೆಯಲ್ಲೇ ಬಿಪಿ ನೋಡಿಕೊಳ್ಳಿ. 120 ಇದ್ದದ್ದು 150ಕ್ಕೆ ಹಾರಿ ತಲೆನೋವು, ಮಬ್ಬುಗಣ್ಣು ಬಂದರೆ ಅಂದೇ ಆಸ್ಪತ್ರೆಗೆ. ಊತಕ್ಕೆಂದು ನೀವೇ ಸ್ಟೀರಾಯ್ಡ್ ಮಾತ್ರೆ ತಂದು ನುಂಗಬೇಡಿ. ಪ್ರೆಡ್ನಿಸೊಲೋನ್ ದಿನಕ್ಕೆ 15 ಮಿಲಿಗ್ರಾಂ ದಾಟಿದರೆ ಈ ಅಪಾಯ ಹೆಚ್ಚುತ್ತದೆ. ವೈದ್ಯರ ಬಳಿ ಹೋಗುವಾಗ, ಬೆರಳು ಬಿಳಿಚಿದಾಗ ತೆಗೆದ ಫೋಟೊ ಫೋನಿನಲ್ಲಿರಲಿ. ಅಲ್ಲಿ ಹೋಗಿ ಕೂತಾಗ ಬೆರಳು ಬಿಳಿಚುವುದೇ ಇಲ್ಲ!