ಯಾರ ಹಾಗೆ ಮಾತಾಡಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ವಿಮಾನದ ಪೈಲಟ್‌ಗಳೂ ಕಂಟ್ರೋಲ್ ಟವರಿನವರೂ ರೇಡಿಯೋದಲ್ಲಿ ಇಂಗ್ಲಿಷ್ ಮಾತಾಡುವಾಗ ಮೂರು ಅನ್ನುವ ಅಂಕಿಗೆ ‘ಥ್ರೀ’ ಅನ್ನಬೇಕಿಲ್ಲ. ‘ಟ್ರೀ’ ಅನ್ನಬೇಕು. ಹೌದು, ಮರಕ್ಕೆ ಇಂಗ್ಲಿಷಿನಲ್ಲಿ ಅನ್ನುತ್ತೇವಲ್ಲ, ಅದೇ ಟ್ರೀ. ಐದಕ್ಕೆ ‘ಫೈಫ್’. ಒಂಬತ್ತಕ್ಕೆ ‘ನೈನರ್’. ಸಾವಿರಕ್ಕೆ ‘ಟೌಸಂಡ್’. ಇದು ಯಾರೋ ನಾಲಿಗೆ ತಿರುಗದೆ ಆಡಿದ ಮಾತಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದೆ, ಐಕಾವೊ ಅಂತ. ಹೀಗೇ ಉಚ್ಚರಿಸಿ ಅಂತ ಅದರ ನಿಯಮದಲ್ಲೇ ಇದೆ. ನಮ್ಮ ದೇವನಹಳ್ಳಿಗೂ ಅದೇ ನಿಯಮ, ಲಂಡನ್ನಿಗೂ ಅದೇ ನಿಯಮ.

ಯಾಕೆ ಅಂದರೆ, ರೇಡಿಯೋದ ಗರಗರ ಸದ್ದಿನಲ್ಲಿ ‘ಥ’ ಅಂತ ಸುಮ್ಮನೆ ಗಾಳಿ ಬಿಟ್ಟರೆ ಕೇಳಿಸುವುದಿಲ್ಲ. ಆ ಕಡೆ ಇರುವವರು ಜಪಾನಿನವರೋ ಬ್ರೆಜಿಲ್‌ನವರೋ, ಯಾರಿಗೆ ಗೊತ್ತು? ಎಲ್ಲರ ಬಾಯಿಗೂ ಬರಬೇಕು, ಎಲ್ಲರ ಕಿವಿಗೂ ಕೇಳಿಸಬೇಕು.

ಈಗ ನಮ್ಮ ಊರಿನ ಯಾವುದಾದರೂ ಕ್ಲಾಸಿಗೆ ಬನ್ನಿ. ಮಗು ‘ಟ್ರೀ’ ಅಂದರೆ ಇಡೀ ಕ್ಲಾಸು ನಗುತ್ತದೆ. ನಾಲಿಗೆ ಹಲ್ಲಿನ ಮಧ್ಯೆ ಇಡು, ಗಾಳಿ ಬಿಡು ಅಂತ ಮೇಷ್ಟ್ರು ಅರ್ಧ ಪೀರಿಯಡ್ಡು ಕಳೆಯುತ್ತಾರೆ. ಆ ಮಗು ಆಮೇಲೆ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ನಾನು ಬೆಂಗಳೂರಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನನ್ನ ಹತ್ತಿರ ಬರುವವರು ಆ ಮಕ್ಕಳೇ, ಈಗ ಬೆಳೆದಿದ್ದಾರೆ ಅಷ್ಟೆ. ಬಂದವರು ಮೊದಲು ಹೇಳುವ ಮಾತು ಒಂದೇ: “ಮೇಡಂ, ನನ್ನ ಆಕ್ಸೆಂಟ್ ಸರಿ ಮಾಡಿ.”

ಸರಿ ಅಂದರೆ ಯಾರ ಹಾಗೆ? ಕಾಲ್ ಸೆಂಟರ್ ಕಾಲದಲ್ಲಿ ಈ ಪ್ರಶ್ನೆಗೆ ಬೆಂಗಳೂರಲ್ಲಿ ಉತ್ತರ ರೆಡಿ ಇತ್ತು, ಅಮೆರಿಕದವರ ಹಾಗೆ. ರಾತ್ರಿ ಪಾಳಿಯ ಹುಡುಗರು ಹೆಸರನ್ನೂ ಬದಲಾಯಿಸಿಕೊಂಡು ಫೋನ್ ಎತ್ತುತ್ತಿದ್ದರು. ಅದಕ್ಕಿಂತ ಮುಂಚೆ ಲಂಡನ್ನಿನವರ ಹಾಗೆ. ಆದರೆ ಇವತ್ತು ನಿಮ್ಮ ಮನೆಯ ಹುಡುಗಿ ಇಂಗ್ಲಿಷ್ ಮಾತಾಡುವುದು ಯಾರ ಜೊತೆ? ಬಿಹಾರದಿಂದ ಬಂದ ರೂಮ್‌ಮೇಟ್ ಜೊತೆ, ಮಲಯಾಳಿ ಮ್ಯಾನೇಜರ್ ಜೊತೆ, ಜರ್ಮನಿಯ ಕ್ಲೈಂಟ್ ಜೊತೆ. ಇವರಲ್ಲಿ ಯಾರ ಮನೆಮಾತೂ ಇಂಗ್ಲಿಷಲ್ಲ. ಜಗತ್ತಲ್ಲಿ ಇಂಗ್ಲಿಷನ್ನು ಮನೆಮಾತಾಗಿ ಆಡುವವರಿಗಿಂತ ಕಲಿತು ಆಡುವವರೇ ಜಾಸ್ತಿ. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ಬ್ರಜ್ ಕಚ್ರು ಅನ್ನುವ ಪ್ರೊಫೆಸರು 1985ರಲ್ಲೇ ಇದನ್ನು ಮೂರು ವೃತ್ತ ಹಾಕಿ ತೋರಿಸಿದರು. ಒಳಗಿನ ವೃತ್ತದಲ್ಲಿ ಇಂಗ್ಲಿಷೇ ಮನೆಮಾತಾದ ಇಂಗ್ಲೆಂಡು, ಅಮೆರಿಕ. ಎರಡನೆಯದರಲ್ಲಿ ಬ್ರಿಟಿಷರು ಹೋದಮೇಲೂ ಇಂಗ್ಲಿಷ್ ಬಳಕೆಯಲ್ಲಿ ಉಳಿದ ಇಂಡಿಯಾ, ನೈಜೀರಿಯಾ, ಸಿಂಗಪುರದಂಥವು. ಮೂರನೆಯದರಲ್ಲಿ ಅದನ್ನು ಹೊರಗಿನ ಭಾಷೆಯಾಗಿ ಕಲಿಯುವ ಚೀನಾ, ಜಪಾನ್ ಮುಂತಾದವು. ಒಳಗಿನವರು ಹೇಳಿದ್ದೇ ಕೊನೆ ಮಾತು ಅಂತೇನಿಲ್ಲ ಅನ್ನುವುದು ಅವರ ವಾದ.

ಹಾಗಂತ ಹೇಗೆ ಬೇಕಾದರೂ ಮಾತಾಡಿ ಅಂತ ನಾನು ಹೇಳುತ್ತಿಲ್ಲ. 1996ರ ನವೆಂಬರಿನಲ್ಲಿ ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಡಿಕ್ಕಿ ಹೊಡೆದು 349 ಜನ ಸತ್ತರು. ಒಂದು ಸೌದಿಯದು, ಇನ್ನೊಂದು ಕಜಕಸ್ತಾನದ್ದು. ಕಜಕಸ್ತಾನದ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬಾರದಿದ್ದದ್ದೂ ಕಾರಣಗಳಲ್ಲಿ ಒಂದು ಅಂತ ತನಿಖೆಯಲ್ಲಿ ಬಂತು. ಆಮೇಲೆ ಐಕಾವೊ ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ಇಂಗ್ಲಿಷ್ ಪರೀಕ್ಷೆ ಕಡ್ಡಾಯ ಮಾಡಿತು. ಅದರಲ್ಲಿ ಆರು ಹಂತ, ಕೆಲಸ ಮಾಡಲು ನಾಲ್ಕನೆಯದಾದರೂ ಬೇಕು. ಆರನೆಯ ಹಂತ, ಅಂದರೆ ಎಲ್ಲಕ್ಕಿಂತ ಮೇಲಿನದು, ಅಲ್ಲಿ ಉಚ್ಚಾರದ ಬಗ್ಗೆ ಏನಿದೆ ಗೊತ್ತಾ? ಮಾತಿನಲ್ಲಿ ತಾಯ್ನುಡಿಯ ಛಾಯೆ ಇದ್ದರೂ ಪರವಾಗಿಲ್ಲ, ಅರ್ಥ ಆಗಲು ತೊಡಕಾಗಬಾರದು. ನೂರಾರು ಜನರ ಜೀವ ಇರುವ ಕಡೆಯೇ ಇಷ್ಟು ಸಾಕು. ನಮಗೆ ಇಂಟರ್‌ವ್ಯೂಗೆ ಇನ್ನೂ ಹೆಚ್ಚಿನದು ಬೇಕಂತೆ!

ಹಾಗಾದರೆ ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು? ಜೆನಿಫರ್ ಜೆಂಕಿನ್ಸ್ ಅನ್ನುವ ಇಂಗ್ಲೆಂಡಿನ ವಿದ್ವಾಂಸೆ ಇದನ್ನೇ ಹಿಡಿದು ಕೂತರು. ಬೇರೆ ಬೇರೆ ದೇಶದ ಕಲಿಯುವವರು ತಮ್ಮತಮ್ಮಲ್ಲೇ ಮಾತಾಡುವಾಗ ಎಲ್ಲಿ ಮಾತು ಕೆಡುತ್ತದೆ ಅಂತ ನೋಡಿ, 2000ದಲ್ಲಿ ಒಂದು ಪಟ್ಟಿ ಕೊಟ್ಟರು. ‘ಥ’ ಸದ್ದಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಸ್ವರ ಎಳೆಯುವುದು, ಮೊಟಕು ಮಾಡುವುದು ಮುಖ್ಯ ಅಂದರು. ಇದು ಕನ್ನಡದವರಿಗೆ ಹುಟ್ಟಿನಿಂದ ಬಂದದ್ದು, ಅಲ್ವಾ? ‘ಬಿಡಿ’ ಬೇರೆ, ‘ಬೀಡಿ’ ಬೇರೆ. ಶಿಪ್ಪು, ಶೀಪು ನಮಗೆ ಕಷ್ಟವೇ ಅಲ್ಲ.

ನಮಗೆ ಕಷ್ಟ ಬೇರೆ ಕಡೆ ಇದೆ. ನಾವು ‘ಪಾರ್ಕ್’ ಅಂದರೆ ಎಷ್ಟೋ ಸಲ ಹೊರಗಿನವರಿಗೆ ‘ಬಾರ್ಕ್’ ಅಂತ ಕೇಳಿಸುತ್ತದೆ. ಮರದ ತೊಗಟೆಯೋ ನಾಯಿ ಬೊಗಳುವುದೋ ಏನೋ ಒಂದು. ಇಂಗ್ಲಿಷಿನಲ್ಲಿ ಮಾತಿನ ಮೊದಲಿಗೆ ಬರುವ ಪ, ಟ, ಕಗಳ ಜೊತೆ ಒಂದಿಷ್ಟು ಉಸಿರು ಹೊರಗೆ ಬರಬೇಕು. ನಾನು ಕ್ಲಾಸಿನಲ್ಲಿ ಹಳೇ ಬಸ್ ಟಿಕೆಟ್ ಕೊಡುತ್ತೇನೆ. ಬಾಯಿ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ‘ಪೆನ್’ ಅನ್ನಬೇಕು. ಟಿಕೆಟ್ ಅಲ್ಲಾಡಿದರೆ ಪಾಸು. ನೀವೂ ಈಗಲೇ ಒಂದು ತೆಳು ಕಾಗದ ಹಿಡಿದು ನೋಡಿ. ಮೊದಲು ‘ಪಂಚೆ’ ಅನ್ನಿ, ಆಮೇಲೆ ‘ಪೆನ್’ ಅನ್ನಿ. ಪಂಚೆಗೆ ಕಾಗದ ಕದಲಬಾರದು, ಪೆನ್‌ಗೆ ಕದಲಬೇಕು. ಎರಡಕ್ಕೂ ಸುಮ್ಮನೇ ಇದ್ದರೆ ಇನ್ನೊಂದು ಸ್ವಲ್ಪ ಗಾಳಿ ಹಾಕಿ.

ಆದರೆ ಜೆಂಕಿನ್ಸ್ ಪಟ್ಟಿಯೇ ವೇದ ಅಂತಲೂ ನನಗೆ ಅನ್ನಿಸಿಲ್ಲ. ಪದದಲ್ಲಿ ಎಲ್ಲಿ ಒತ್ತು ಬೀಳಬೇಕು ಅನ್ನುವುದನ್ನು ಅವರು ಬಿಟ್ಟೇಬಿಟ್ಟಿದ್ದಾರೆ. ನನ್ನ ಅನುಭವದಲ್ಲಿ ನಾವು ಎಡವುವುದು ಅಲ್ಲೇ. ಪೀಣ್ಯದಲ್ಲಿ ಲೇತ್ ಮಷೀನ್ ಇಟ್ಟುಕೊಂಡವರೊಬ್ಬರು ನನ್ನ ಕ್ಲಾಸಿಗೆ ಬರುತ್ತಾರೆ. ಹೊರದೇಶದ ಪಾರ್ಟಿಗೆ ಫೋನಿನಲ್ಲಿ ‘ಫಿಫ್ಟೀನ್’ ಪೀಸು ಸ್ಯಾಂಪಲ್ ಅಂದರು, ಆ ಕಡೆಯವರು ‘ಫಿಫ್ಟಿ’ ಅಂತ ಬರೆದುಕೊಂಡರು. ಇವರು ‘ಫಿಫ್’ ಮೇಲೆ ಭಾರ ಹಾಕಿ, ಕೊನೆಯದನ್ನು ನುಂಗಿದ್ದರು. ನಾನು ಅವರಿಗೆ ಹೇಳಿಕೊಟ್ಟದ್ದು ಉಚ್ಚಾರ ಅಲ್ಲ. “ಫಿಫ್ಟೀನ್, ಒನ್ ಫೈವ್” ಅಂತ ಎರಡು ಸಲ ಹೇಳಿ ಅಂದೆ. ಆಮೇಲೆ ಆ ಕಡೆಯವರನ್ನೇ ತಿರುಗಿ ಹೇಳಲು ಕೇಳಿ ಅಂದೆ. ಪೈಲಟ್‌ಗಳು ಮಾಡುವುದೂ ಇದೇ, ಕೇಳಿದ ಅಂಕಿಯನ್ನು ತಿರುಗಿ ಓದುತ್ತಾರೆ. ಇಂಥದ್ದು ನಮ್ಮ ಪಠ್ಯಪುಸ್ತಕಗಳಲ್ಲಿ ಯಾಕಿಲ್ಲವೋ ನನಗೆ ಗೊತ್ತಾಗುವುದಿಲ್ಲ.

ಪುಸ್ತಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಂಗ್ಲಿಷ್ ಕಲಿಸುವ ವಿಚಾರದಲ್ಲಿ ನಮ್ಮ ಊರಿಗೆ ಒಂದು ದೊಡ್ಡ ಹೆಸರಿದೆ. ಲೋಕದ ಭಾಷಾ ಶಿಕ್ಷಕರೆಲ್ಲ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತ ಓದುತ್ತಾರೆ. ನಾವು ಮಾತ್ರ ಕೇಳಿಯೇ ಇಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅನ್ನುವವರು ಇದನ್ನು ನಡೆಸಿದರು. ಆಗ ಅವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. ಇಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಜೊತೆಗೆ ನಿಂತಿತು. ದಕ್ಷಿಣ ಭಾರತದ ಮಾಮೂಲಿ ಶಾಲೆಗಳ ಮಕ್ಕಳಿಗೆ ವ್ಯಾಕರಣ ಉರು ಹೊಡೆಸದೆ, ರೈಲ್ವೆ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ತಲೆ ಓಡಿಸಿ ಲೆಕ್ಕ ಹಾಕಿಸಿದರು. ಗಮನ ಲೆಕ್ಕದ ಮೇಲೆ. ಭಾಷೆ ಅದರ ಜೊತೆಗೇ ಒಳಗೆ ಇಳಿಯುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ಟಾಸ್ಕ್ ಕೊಟ್ಟು ಕಲಿಸುವುದು ಅಂತ ಇವತ್ತು ಹೊರದೇಶದಲ್ಲಿ ಯಾವುದನ್ನು ಮೆಚ್ಚುತ್ತಾರೋ ಅದರ ಬೇರಿನಲ್ಲಿ ಈ ಕೆಲಸವೂ ಇದೆ.

ನಾನು ಅದನ್ನೇ ಬೆಂಗಳೂರಿಗೆ ಒಗ್ಗಿಸಿಕೊಂಡಿದ್ದೇನೆ. ಇಬ್ಬರಿಗೆ ಎರಡು ಚೀಟಿ. ಒಬ್ಬರ ಚೀಟಿಯಲ್ಲಿ ಫ್ಲೈಟು ಬೆಳಿಗ್ಗೆ 6:40ಕ್ಕೆ, ಎರಡು ಗಂಟೆ ಮುಂಚೆ ಅಲ್ಲಿರಬೇಕು. ಇನ್ನೊಬ್ಬರದರಲ್ಲಿ ಮೆಜೆಸ್ಟಿಕ್‌ನಿಂದ ಏರ್‌ಪೋರ್ಟ್ ಬಸ್ಸು 2:45, 3:15, 3:45ಕ್ಕೆ, ದಾರಿ ಒಂದೂಕಾಲು ಗಂಟೆ. ಈ ವೇಳೆ ನಾನೇ ಹಾಕಿದ್ದು, ಇದನ್ನು ನಂಬಿ ಯಾರೂ ಬಸ್ ಸ್ಟ್ಯಾಂಡಿಗೆ ಹೋಗಬೇಡಿ. ಚೀಟಿ ತೋರಿಸುವ ಹಾಗಿಲ್ಲ, ಕೇಳಿಯೇ ತಿಳಿಯಬೇಕು. ಮೊನ್ನೆ ಆಟೋ ಓಡಿಸುವವರೊಬ್ಬರಿಗೂ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿಗೂ ಇದು ಬಿತ್ತು. “ವಾಟ್ ಟೈಮ್ ರೀಚ್?” “ಫೋರ್ ಫಾರ್ಟಿ. ಮಸ್ಟ್.” ಆಕೆ ಲೆಕ್ಕ ಹಾಕಿ, “ದೆನ್ ತ್ರೀ ಫಿಫ್ಟೀನ್ ಬಸ್” ಅಂದಳು. ಉತ್ತರ ಸರಿ, ಮುಗಿಯಬೇಕಿತ್ತು. ಅವರು ಒಪ್ಪಲಿಲ್ಲ. “ನೋ ಬಸ್. ದಟ್ ಟೈಮ್ ರೋಡ್ ಫುಲ್ ಎಂಪ್ಟಿ. ಮೈ ಆಟೋ ಟು ಹೆಬ್ಬಾಳ, ದೇರ್ ಯೂ ಕ್ಯಾಚ್ ಬಸ್.” ಆಕೆ ಬಿಡುತ್ತಾಳಾ? “ಹೌ ಮಚ್ ಯುವರ್ ಆಟೋ? ಮೀಟರ್ ಆರ್ ಒನ್ ಅಂಡ್ ಹಾಫ್?” ಹತ್ತು ನಿಮಿಷ ಜಗಳ. ವ್ಯಾಕರಣ ಅಷ್ಟಕ್ಕಷ್ಟೆ. ಆದರೆ ಆಕ್ಸೆಂಟ್ ಸರಿ ಮಾಡಿ ಅಂತ ಬಂದಿದ್ದ ಇಬ್ಬರಿಗೂ ಆ ಹತ್ತು ನಿಮಿಷ ಆಕ್ಸೆಂಟ್ ನೆನಪೇ ಆಗಲಿಲ್ಲ. ವ್ಯಾಕರಣ ನಾನು ಆಮೇಲೆ ಹೇಳಿಕೊಟ್ಟೆ, ಅವರದೇ ವಾಕ್ಯ ಬೋರ್ಡಿನ ಮೇಲೆ ಬರೆದು.

ಕನ್ನಡಕ್ಕೆ ಇದರಿಂದ ತೊಂದರೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ ವರದಿ ಕೊಟ್ಟ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಅವರಿಗೆ ಎರಡೂ ಒಟ್ಟಿಗೆ ಸಾಧ್ಯವಾಗಿತ್ತು. ನನ್ನ ಕ್ಲಾಸಿನಲ್ಲೂ ಮಾತು ಸಿಗದಾಗ ಕನ್ನಡ ಬರುತ್ತದೆ, ನಾನು ತಡೆಯುವುದಿಲ್ಲ. ಕನ್ನಡ ಆಡಿದರೆ ಫೈನು ಹಾಕುವ ಶಾಲೆಗಳ ಬಗ್ಗೆ ನನಗೆ ಒಳ್ಳೆ ಮಾತು ಬರುವುದಿಲ್ಲ, ಹಾಗಾಗಿ ಮುಂದಕ್ಕೆ ಹೋಗುತ್ತೇನೆ.

ಇನ್ನು, ಮಕ್ಕಳನ್ನು ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಲಿ ಅಂತ ಕೇಳುವ ತಾಯಂದಿರಿಗೆ ಒಂದು ಮಾತು. ಲೈಟು ಕಂಬದ ಮೇಲೆ ಅಂಟಿಸಿದ ಪೋಸ್ಟರ್‌ನಲ್ಲಿ ಮೂವತ್ತು ದಿನ ಅಂತ ಬರೆದಿದ್ದರೆ ನಂಬಬೇಡಿ. ಫೀಸು ಕಟ್ಟುವ ಮುಂಚೆ ಒಂದು ದಿನ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡಿ. ಮಕ್ಕಳು ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರಾ, ತಪ್ಪಾದಾಗ ಯಾರಾದರೂ ನಗುತ್ತಾರಾ, ನಕ್ಕರೆ ಮೇಷ್ಟ್ರು ಏನು ಮಾಡುತ್ತಾರೆ, ನೋಡಿ. ಇಡೀ ಗಂಟೆ ಮೇಷ್ಟ್ರೊಬ್ಬರೇ ಮಾತಾಡುತ್ತಿದ್ದರೆ ಅವರ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಪಕ್ಕದ ಬೀದಿಯ ಕ್ಲಾಸನ್ನೂ ಒಮ್ಮೆ ವಿಚಾರಿಸಿ. ನಮಸ್ಕಾರ.